ಮೂರನೇ ಸೂಲು

ದಾವಣಗೆರೆಯ ಫಾರ್ಮಸಿ ಕಾಲೇಜಿನಲ್ಲಿ
ನನ್ನ ಬೆಂಚಿನವಳು ಹೋದನ್.
ಹಾಜರಿ ಕೂಗುವ ಮೇಷ್ಟ್ರು ಮೊದಲ ದಿನ ತಡವರಿಸಿ
‘ಹೋದನೋ, ಹೋದಳೋ?’ ಎಂದಿದ್ದರು.
‘ಇದ್ದಾಳೆ ಸಾರ್’ ಎಂದಿದ್ದೆ ನಾನು.
ಸೊಮಾಲಿ ಹುಡುಗಿ, ಹರ್ಗೇಸಾದವಳು.
ಹೆಸರಿಗೆ ಸಿರಿವಂತೆ ಎಂದು ಅರ್ಥವಂತೆ.
ಒಡೆದು ನೋಡಿದರೆ ಒಳಗೊಂದು ದನ;
ನಮ್ಮ ಹಟ್ಟಿಯಲ್ಲೂ ಸಿರಿಗೆ ಬೇರೆ ಹೆಸರಿಲ್ಲ.

ಮೊಳಕಾಲ್ಮೂರು ದಾಟಿ ಬಸ್ಸಿಳಿದು ಎರಡು ಮೈಲಿ ನಡಿಗೆ.
ಜಾಲಿ, ಕಮರ, ಬಂಡೆಯ ಮೇಲೆ ಬಂಡೆ,
ದಿಣ್ಣೆಯ ತುದಿಗೆ ಗಾಳಿಯಂತ್ರದ ಮೂರು ರೆಕ್ಕೆ
ಯಾರನ್ನೋ ಕರೆದು ಕರೆದು ಸುಸ್ತಾದ ಹಾಗೆ.
ರೊಪ್ಪದ ಮುಳ್ಳುಬೇಲಿ ಇನ್ನೂ ಹತ್ತು ಮಾರು ಇರುವಾಗಲೇ
ಅವಳು ಚಪ್ಪಲಿ ಬಿಟ್ಟಳು.
ನಾನಿನ್ನೂ ಹೇಳಿರಲಿಲ್ಲ.

ಅಜ್ಜ, ಕಿಲಾರಿ ಬೋಸಯ್ಯ,
ದೇವರ ಎತ್ತುಗಳ ಹಿಂದೆ ಅರವತ್ತು ವರ್ಷ ಬರಿಗಾಲು,
ಮೊದಲು ಅವಳ ಪಾದ ನೋಡಿದ, ಮುಖ ಆಮೇಲೆ.
‘ಯಾವ ಕಡೆಯೋಳು?’
‘ಸಮುದ್ರ ದಾಟಿ, ಪಡುವಲಿಗೆ.’
‘ಅಲ್ಲಿ ಮೇವು ಹೆಂಗೆ?’

ಗವಿಯ ಬಾಯಿಗೆ ಯಾರೋ ನೀಲಿ ಪೇಂಟಿನಲ್ಲಿ
‘ಬೋರ್‌ವೆಲ್ ಕೊರೆಯಲಾಗುವುದು’ ಎಂದು ಬರೆದಿದ್ದಾರೆ,
ಹತ್ತು ಅಂಕಿಯ ನಂಬರು ಸಮೇತ.
ಅದರ ಪಕ್ಕ, ಅಂಗೈಯಗಲ, ಕೆಮ್ಮಣ್ಣಿನ ಗೂಳಿ.
ಒಂದು ಕೋಡು ಉದ್ದ, ಇನ್ನೊಂದನ್ನು ಮಳೆ ತಿಂದಿದೆ.
‘ಬರೆದೋನು ದನ ಕಾದೋನೇ’ ಎಂದ ಅಜ್ಜ,
‘ಓಡುವಾಗ ಹಿಣಿಲು ಯಾವ ಕಡೆ ವಾಲುತ್ತೆ ಅಂತ
ಪ್ಯಾಟೆಯೋನಿಗೆ ಗೊತ್ತಾಗಾಕಿಲ್ಲ.’

ಅವಳು ಫೋನು ತೆಗೆದಳು. ತಮ್ಮ ಊರಾಚೆಯ ಕಲ್ಲು, ಲಾಸ್ ಗೇಲ್.
ಒಂಟೆಗಳು ನೀರು ಕುಡಿದ ಬಾವಿ ಎಂದು ಹೆಸರು,
ಕಲ್ಲಿನ ತುಂಬ ಮಾತ್ರ ಹಸುಗಳು.
ಹುಲ್ಲಿದ್ದ ಕಾಲದವು, ಎಂದಳು.
ಕೊರಳಿಗೆ ಪಟ್ಟೆ ಪಟ್ಟೆ ಸಿಂಗಾರ, ತುಂಬು ಕೆಚ್ಚಲು,
ಕೆಳಗೆ ಕೈಯೆತ್ತಿ ನಿಂತ ಕಡ್ಡಿಯಂಥ ಮನುಷ್ಯ.

ಅಜ್ಜ ಕನ್ನಡಕ ಒರೆಸಿಕೊಂಡ.
‘ಹಿಣಿಲಿಲ್ಲ. ಇರಲಿ, ಅದು ಅವರ ತಳಿ.’
ಬೆರಳು ಕೆಚ್ಚಲಿಗೆ ತಾಗಿ ಚಿತ್ರ ಸರಕ್ಕನೆ ದೊಡ್ಡದಾಯಿತು,
ಒದ್ದೀತೆಂಬಂತೆ ಹಿಂದಕ್ಕೆ ಜಿಗಿದ.
ಮತ್ತೆ ಬಗ್ಗಿದ.
‘ಚೊಚ್ಚಲಲ್ಲ ಇದು. ಮೂರನೇ ಸೂಲು.
ಇವತ್ತೋ ನಾಳೆಯೋ ಈಯುತ್ತೆ.’
ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ನಾವು ನೆಂಟರೆಂದು ಸುಳ್ಳು ಹೇಳಲಾರೆ.
ನಡುವೆ ಕಡಲಿದೆ, ಸಾವಿರಾರು ವರ್ಷದ ದೂಳಿದೆ,
ಅದು ನಮ್ಮ ಸಿಲಬಸ್ಸಿನಲ್ಲೂ ಇರಲಿಲ್ಲ.

ಸಂಜೆ ಅಂಬಲಿ ಕುಡಿಯುತ್ತ
ಅವಳು ತನ್ನ ಅಪ್ಪಂದಿರ ಹೆಸರು ಹೇಳಿದಳು,
ಅಪ್ಪ, ಅವನಪ್ಪ, ಅವನ ಅಪ್ಪ,
ಉಸಿರು ಬಿಡದೆ ಹತ್ತೊಂಬತ್ತು.
ಐದು ವರ್ಷಕ್ಕೇ ಅಜ್ಜಿ ಬಾಯಿಪಾಠ ಮಾಡಿಸಿದ್ದಂತೆ.
ಅಜ್ಜ ಬೆರಳು ಮಡಚಿ ಎಣಿಸಿದ. ಆಮೇಲೆ ತನ್ನದು ಶುರು ಮಾಡಿದ:
ಕೆಂದೆಯ ತಾಯಿ ಮಚ್ಚೆ, ಮಚ್ಚೆಯ ತಾಯಿ ಮುರುಗೋಡಿ,
ಅದರ ತಾಯಿ, ಕತ್ತಾಳೆ ತಿಂದು ಬರಗಾಲ ದಾಟಿದ ಬಿಳಿಗಣ್ಣಿ...
ಅವಳದು ಬರೀ ಗಂಡಸರು, ಇವನದು ಬರೀ ಹಸುಗಳು.
ನಡುವೆ ಕೂತ ನಾನು
ಎರಡರಲ್ಲೂ ಇಲ್ಲ.

ಹದಿನಾಲ್ಕಕ್ಕೆ ಅಜ್ಜ ತಡೆದ.
ನೆನಪಿಗೆ ಬಾರದೆ ಕತ್ತು ತಿರುಗಿಸಿ ಗವಿಯ ಕಡೆ ನೋಡಿದ,
ಅಲ್ಲಿ ಯಾರಾದರೂ ಹೇಳಿಕೊಟ್ಟಾರೆಂಬಂತೆ.
ಕತ್ತಲಾಗಿತ್ತು. ಗೂಳಿ ಕಾಣಲಿಲ್ಲ.
ಬೋರ್‌ವೆಲ್ಲಿನ ನಂಬರೂ ಕಾಣಲಿಲ್ಲ.

ಹೋದನ್ ಹೋದಳು, ಮೇಷ್ಟ್ರಿಗೆ ಉತ್ತರ ಸಿಕ್ಕಿತು.
ನಾನು ಪಿ.ಬಿ. ರಸ್ತೆಯ ಮೆಡಿಕಲ್ಲಿನಲ್ಲಿ
ರಾತ್ರಿ ಪಾಳಿಯ ಗುಳಿಗೆ ಎಣಿಸುತ್ತೇನೆ.
ಅಮಾವಾಸ್ಯೆಗೊಮ್ಮೆ ಅಜ್ಜ ಯಾರದೋ ಫೋನಿಂದ ಮಾಡುತ್ತಾನೆ.
ಉಂಡೆಯಾ, ಮಳೆಯಾ, ಸಂಬಳ ಕೊಟ್ಟರಾ,
ಎಲ್ಲ ಮುಗಿದ ಮೇಲೆ ಕೆಮ್ಮಿ:
‘ಆ ಹುಡುಗೀನ ಕೇಳಿದ್ಯಾ,
ಕಲ್ಲಿನ ಮ್ಯಾಲಿನ ಹಸ
ಈಯ್ತಂತಾ?’