ಒಂದಿನಾ

ಅವಳ ಹೆಸರು ಒಂದಿನಾ.
ನಮ್ಮ ಕಿವಿಗೆ ಅದು ಯಾವುದೋ ಕತೆಯ ಮೊದಲ ಪದ,
ಅವಳ ಊರಿನಲ್ಲಿ ಅಲೆಗಳೊಳಗಿನ ಹೆಣ್ಣು.
ಅವಳಿಗೆ ಈಜು ಬಾರದು.

ಊರು ತ್ರಿಯೆಸ್ತೆ, ಇಟಲಿ ಮುಗಿಯುತ್ತ ಬಂದ ಮೂಲೆಯ ಬಂದರು.
ಚಳಿಗಾಲಕ್ಕೆ ಅಲ್ಲಿ ಬೋರಾ ಎಂಬ ಗಾಳಿ,
ಬೆಟ್ಟ ಇಳಿದು ಕಡಲಿಗೆ ಬೀಳುವ ಮುನ್ನ
ಊರಿನ ಜೇಬುಗಳನ್ನೆಲ್ಲ ತಡಕಿ ಹೋಗುತ್ತದೆ.
ತಿರುವಿನಲ್ಲಿ ಹಗ್ಗ ಕಟ್ಟಿರುತ್ತಾರೆ;
ಮುದುಕಿ, ಪಾದ್ರಿ, ಪೊಲೀಸು, ಎಲ್ಲರೂ ಅದನ್ನೇ ಹಿಡಿದು ನಡೆಯುತ್ತಾರೆ,
ಹಗ್ಗಜಗ್ಗಾಟದಲ್ಲಿ ಆ ಕಡೆ ಯಾರಿದ್ದಾರೆಂದು
ತಿಳಿಯದವರ ಹಾಗೆ.

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ
ಹರಿದ ಮೇಲುಹಾಸುಗಳನ್ನು ಹೊಲಿದಳು ಒಂದಿನಾ.
ಹೊಲಿದದ್ದು ಕಾಣಬಾರದು, ಅಲ್ಲಿಯ ಕಟ್ಟಳೆ ಅಷ್ಟೇ.
ಬಿಳಿಯ ಮೇಲೆ ಬಿಳಿ, ಬಿಳಿಯ ಮೇಲೆ ಬಿಳಿ.
ಅವಳ ಕೆಲಸದ ಮೇಲೆ ಜನ ಮಲಗಿದರು, ಬೆವೆತರು,
ಸತ್ತರು, ಎದ್ದು ಮನೆಗೆ ಹೋದರು;
ಯಾರ ಬೆನ್ನಿಗೂ ಒಂದು ಗೆರೆ ಒತ್ತಲಿಲ್ಲ.
ಅದೇ ಅವಳ ಹೆಮ್ಮೆ.
ಸಂಜೆ ಮನೆಗೆ ಬಂದರೆ ಕೈಗೆ ಏನೂ ಬೇಡ.
ಟಿವಿ ಯಾರಿಗೋ ಏನೋ ಹೇಳುತ್ತಿದ್ದುದನ್ನು
ಪಕ್ಕದ ಮನೆಯ ಜಗಳದಂತೆ ಕೇಳುತ್ತ ಕೂತಿರುತ್ತಿದ್ದಳು.

ಜನವರಿಯ ಒಂದು ರಾತ್ರಿ ಬೋರಾ ಅವಳ ಬಾಲ್ಕನಿಗೆ
ಕೆಂಪು ಕೈಗವಸೊಂದನ್ನು ಎಸೆಯಿತು.
ಮಗುವಿನದು, ಎಡಗೈಯದು,
ಹೆಬ್ಬೆರಳ ತುದಿ ಕಚ್ಚಿ ಕಚ್ಚಿ ನೂಲೆದ್ದದ್ದು.
ನಾಳೆ ಹಗ್ಗಕ್ಕೆ ಕಟ್ಟಿಬಂದರಾಯಿತೆಂದು ಮೇಜಿನ ಮೇಲಿಟ್ಟಳು.
ಕಪ್ಪಿನ ತಳದಲ್ಲಿ ಕಾಫಿ ಉಳಿದಿತ್ತು.
ಪಕ್ಕದಲ್ಲಿ ಕರೆಂಟು ಬಿಲ್ಲಿನ ಲಕೋಟೆ, ಬೆನ್ನು ಖಾಲಿ.
ಬೆಂಕಿಕಡ್ಡಿ ಕಾಫಿಯಲ್ಲಿ ಹೇಗೆ ಅದ್ದಿತೋ
ಅವಳನ್ನು ಕೇಳಬೇಡಿ, ಹೇಳಲಾರಳು.
ಕೈಗವಸು ಬರೆದಳು.
ಆಲೂಗಡ್ಡೆ ಬಂತು. ಐದು ಬೆರಳಿನ ಆಲೂಗಡ್ಡೆ.
ಗೋಡೆಗೆ ಒರಗಿಸಿಟ್ಟು ಹೋಗಿ ಮಲಗಿದಳು.
ನಡುರಾತ್ರಿ ಎದ್ದು ಇನ್ನೊಮ್ಮೆ ನೋಡಿಬಂದಳು,
ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡುವವರ ಹಾಗೆ.

ಕೈಗವಸು ಹಗ್ಗದಲ್ಲಿ ಎರಡು ದಿನ ಇತ್ತು, ಮೂರನೆಯ ದಿನ ಇಲ್ಲ.
ಮಗು ಬಂದಿತ್ತೋ, ಗಾಳಿಯೇ ಮನಸ್ಸು ಬದಲಿಸಿತೋ.

ಆಮೇಲೆ ದಿನಕ್ಕೊಂದು, ಗಾಳಿ ತಂದದ್ದು:
ಬಸ್ಸಿನ ಚೀಟಿ. ಜಾಮ್ ಬಾಟಲಿಯ ಮುಚ್ಚಳ.
ಯಾವನದೋ ಕಾಲುಚೀಲ, ಹಿಮ್ಮಡಿಯಲ್ಲಿ ತೂತು.
ಹೊಲಿಯಲಿಲ್ಲ!
ತೂತನ್ನೇ ಬರೆದಳು, ಅಂಚಿನ ಒಂದೆಳೆಯೂ ಬಿಡದೆ,
ತಿಳಿಕಾಫಿ ನೆರಳಿಗೆ, ಗಸಿ ಕತ್ತಲೆಗೆ.
ತೂತು ಇಷ್ಟು ಚೆಂದವೆಂದು
ಮೂವತ್ತೊಂದು ವರ್ಷ ಯಾರೂ ಹೇಳಿರಲಿಲ್ಲ.
ಬೆರಳೇಕೆ ಕಂದು, ಕೇಳಿದಳು ಬಟ್ಟೆಕೋಣೆಯ ಮಿಲೇವಾ.
ಸಿಗರೇಟು ಶುರುಮಾಡಿದ್ದೇನೆ, ಅಂದಳು ಒಂದಿನಾ.
ಸುಳ್ಳೂ ಹಿತವಾಗಿತ್ತು.

ಮಾರ್ಚಿನಲ್ಲಿ ಗಾಳಿ ಬಿದ್ದುಹೋಯಿತು.
ಕಡಲು ಇಸ್ತ್ರಿ ಮಾಡಿಟ್ಟ ಹಾಗೆ.
ಬಾಲ್ಕನಿಯಲ್ಲಿ ಏನೂ ಇಲ್ಲ. ಮಾರನೆಯ ದಿನವೂ.
ಕಪ್ಪಿನಲ್ಲಿ ಕಾಫಿ ಒಣಗಿ ಉಂಗುರ ಕಟ್ಟಿತು.
ನಾಲ್ಕನೆಯ ಸಂಜೆ, ಯಾರೂ ತರದೆ,
ತಾನಾಗಿ ಬಂದದ್ದು ಕುದುರೆ.
ಎಂಟು ವರ್ಷದವಳಿದ್ದಾಗ ಬರೆದ ಕುದುರೆ.
ಸಿಸ್ಟರ್ ಅನುನ್ಸಿಯಾತಾ ಕಾಗದ ಎತ್ತಿ ಹಿಡಿದು
ಮಕ್ಕಳೇ, ಈ ನಾಯಿ ಯಾರ ಮನೆಯದು, ಎಂದಿದ್ದರು.
ಆ ದಿನ ತರಗತಿ ನಕ್ಕದ್ದು
ಐವತ್ತು ವರ್ಷವಾದರೂ ಮುಗಿದಿರಲಿಲ್ಲ.

ಬರೆದಳು. ಕತ್ತು, ಜೂಲು, ನಾಲ್ಕು ಕಾಲು, ಬಾಲ.
ದೂರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು.
ನಾಯಿ.
ಒಂದು ಬೊಗಳೂ ಕಡಿಮೆಯಾಗದ ಅದೇ ನಾಯಿ.
ಕಡ್ಡಿಯನ್ನು ಮತ್ತೆ ಅದ್ದಿದಳು,
ಬೆನ್ನಿಗೆ ಜೀನು ಹಾಕಿದಳು,
ಬಾಯಿಗೊಂದು ಮೂಳೆ ಕೊಟ್ಟಳು.
ನಗು ಮೊದಲು ಕೆಮ್ಮಿನ ಹಾಗೆ ಬಂತು,
ಆಮೇಲೆ ಕುರ್ಚಿ ಹಿಡಿದುಕೊಳ್ಳಬೇಕಾಯಿತು.
ಆಚೆ ಮನೆಯ ಮುದುಕ ಸ್ಕೆರ್ಲಾವಾಯ್ ಗೋಡೆ ಬಡಿದ, ಎರಡು ಸಲ.
ಅವಳು ತಿರುಗಿ ಬಡಿದಳು, ಮೂರು ಸಲ.

ನಾಳೆ ಮತ್ತೆ ಬಿಳಿಯ ಮೇಲೆ ಬಿಳಿ.
ಈಗ ಮೇಜಿನ ಮೇಲೆ ಆ ಪ್ರಾಣಿ ಒಣಗುತ್ತಿದೆ,
ಮೂಳೆ ಕಚ್ಚಿ, ಜೀನು ಹೊತ್ತು,
ಯಾರು ಹತ್ತುತ್ತಾರೋ ಎಂದು ಕಾಯುತ್ತ.