ನಾನು ಬಿದ್ದಿರಲಿಲ್ಲ

ನಮ್ಮ ಸೋಲಾಪುರದಲ್ಲಿ ಬರ್ಫವೆಂದರೆ
ಗೋಲಾ ಗಾಡಿಯಲ್ಲಿ ಗೋಣಿ ಹೊದ್ದು ಮಲಗಿದ್ದು.
ನಾವು ಕುಣಿದದ್ದು ನೆಲದ ಮೇಲೆ,
ಮುಚ್ಚಿಹೋದ ಗಿರಣಿಯ ಗೋದಾಮಿನಲ್ಲಿ,
ಕಾಲಿಗೆ ನಾಲ್ಕು ನಾಲ್ಕು ಗಾಲಿ ಕಟ್ಟಿಕೊಂಡು.

ಕಲಶೆಟ್ಟಿ ಮಾಸ್ತರರು ಮೊಳೆಗೆ ನೂಲು ಬಿಗಿದು
ಸೀಮೆಸುಣ್ಣದಲ್ಲಿ ಎಂಟರ ಅಂಕಿ ಎಳೆಯುತ್ತಿದ್ದರು:
ಎರಡು ವೃತ್ತ, ಕೂಡುವಲ್ಲಿ ಒಂದು ಚುಕ್ಕಿ.
ಒಂಟಿಗಾಲಲ್ಲಿ ಮೂರು ಸುತ್ತು.
"ಗೆರೀ ಬಿಡಬ್ಯಾಡ. ಗೆರೀನೂ ನಿನ್ನ ಬಿಡಬಾರದು."
ಗೋಡೆಯಾಚೆ ಮಗ್ಗಗಳ ಖಟಖಟ;
ಬೇರೆ ತಾಳ ನಮಗಿರಲಿಲ್ಲ.

ಈಗ ಮಾಸ್ತರರಿಲ್ಲ. ನೂಲು, ಮೊಳೆ ನನ್ನ ಕೈಗೆ ಬಂದಿವೆ.
ಹತ್ತು ವರ್ಷದ ಸಮೃದ್ಧಿ ಬಿರಾಜದಾರ
ಬೂಟಿನ ಲಾಡಿ ಬಿಗಿಯುತ್ತ ಕೇಳುತ್ತಾಳೆ:
"ಟೀಚರ್, ಚಿನ್ನ ಬರಲಿಲ್ಲಂದ್ರ ಏನಾಕ್ಕೈತಿ?"

ಏನೂ ಆಗೂದಿಲ್ಲ ಅನ್ನಬಹುದಿತ್ತು.
ಸುಳ್ಳಾಗುತ್ತಿತ್ತು.
ಚಿನ್ನ ಬಂದರೆ ಪೇಪರಿನಲ್ಲಿ ಫೋಟೊ,
ನಗರಸೇವಕರ ಶಾಲು, ತೆಂಗಿನಕಾಯಿ,
ನೌಕರಿ ಅರ್ಜಿಯಲ್ಲಿ ತುಂಬಲು ಒಂದು ಸಾಲು.
ಬೆಳ್ಳಿ ಬಂದರೆ ಅಪ್ಪ ಸ್ಟೇಶನ್ನಿಗೆ ಬಂದು
ಚೀಲ ಇಸಿದುಕೊಂಡು "ಹಸದೀಯೇನು?" ಅನ್ನುತ್ತಾನೆ.
ಕೆಟ್ಟ ಮಾತೇನಲ್ಲ.
ಮನೆ ಮುಟ್ಟುವತನಕ ಇನ್ನೊಂದು ಮಾತು ಮಾತ್ರ ಬರಲಿಲ್ಲ.

ಪುಣೆಯಲ್ಲಿ, ರಾಜ್ಯದ ಸ್ಪರ್ಧೆಯಲ್ಲಿ
ಸೊನ್ನೆ ಬಿಂದು ಎರಡರಿಂದ ಸೋತಿದ್ದೆ ನಾನು.
ಗೆದ್ದವಳು ಮೃಣ್ಮಯಿ.
ಹತ್ತೊಂಬತ್ತು ವರ್ಷದ ಮೇಲೆ ಮೊನ್ನೆ
ನಮ್ಮ ಅಂಗಡಿಗೇ ಬಂದಳು, ಚಾದರ ಕೊಳ್ಳಲು,
ನಾಲ್ಕು ಜೋಡಿ, ಯಾರದೋ ಮದುವೆಯ ಆಯೇರಿಗೆ.
ಮುಖ ಗುರುತು ಸಿಗಲಿಲ್ಲ ನನಗೆ. ಕಾಲು ಸಿಕ್ಕಿತು:
ಚೌಕಾಶಿ ಮಾಡುತ್ತ ನಿಂತಾಗ ಎಡಪಾದ
ತಾನಾಗಿ ಹೊರ ಅಂಚಿಗೆ ವಾಲಿತ್ತು,
ಫರಶಿಯ ಮೇಲೆ ಕಾಣದ ವೃತ್ತವೊಂದು ಇದ್ದ ಹಾಗೆ.

ಹೆಸರು ಹೇಳಿದೆ. ಮುಖ ಅರಳಿಸಿ, ಮರಾಠಿಯಲ್ಲಿ:
"ಅಯ್ಯೋ, ಸೋಲಾಪುರದ ಹುಡುಗಿ!
ಕೊನೆಯ ಗಿರಕಿಯಲ್ಲಿ ಬಿದ್ದೆಯಲ್ಲ, ಪಾಪ."

ನಾನು ಬಿದ್ದಿರಲಿಲ್ಲ.

ಅವಳು ಸುಳ್ಳಾಡುತ್ತಿರಲಿಲ್ಲ, ಕಣ್ಣಲ್ಲೇ ಗೊತ್ತಾಗುತ್ತಿತ್ತು.
ಸೊನ್ನೆ ಬಿಂದು ಎರಡು.
ಅಷ್ಟು ಸಣ್ಣದರ ಮೇಲೆ ಚಿನ್ನ ನಿಲ್ಲಲಾರದೇನೋ.
ವರ್ಷಾ ವರ್ಷಾ ನನ್ನನ್ನು ತುಸು ವಾಲಿಸಿ,
ಮೊಣಕಾಲು ತುಸು ನಡುಗಿಸಿ,
ಒಂದು ದಿನ ಪೂರ್ತಿ ಬೀಳಿಸಿರಬೇಕು.

ನಾನಾದರೂ ಏನು?
ಮೂರನೆಯ ತೀರ್ಪುಗಾರ್ತಿ ನನ್ನ ಸರದಿಯಲ್ಲಿ
ಮೊಬೈಲ್ ನೋಡುತ್ತಿದ್ದಳು ಎಂದು
ಎಷ್ಟು ಮಂದಿಗೆ ಹೇಳಿಲ್ಲ.
ನೋಡುತ್ತಿದ್ದಳೋ,
ಬಗ್ಗಿ ಬರೀ ಬೆವರು ಒರೆಸಿಕೊಂಡಳೋ.

ಮೃಣ್ಮಯಿಗೆ ಇಲ್ಲ ಅನ್ನಲಿಲ್ಲ. ಹೌದೂ ಅನ್ನಲಿಲ್ಲ.
ಚಾದರ ಮಡಚಿ ದಾರ ಕಟ್ಟಿದೆ.
ರಿಯಾಯಿತಿ ಮಾತ್ರ
ಒಂದು ರೂಪಾಯಿ ಕೊಡಲಿಲ್ಲ.

ಸಮೃದ್ಧಿ ಕಾಯುತ್ತಿದ್ದಾಳೆ, ಲಾಡಿ ಕಟ್ಟಿ ಮುಗಿದಿದೆ.
"ಭಾಳ ಕೆಟ್ಟ ಅನಸ್ತೈತಿ," ಅಂದೆ. "ಭಾಳ ದಿನ.
ಹೋಗು, ಎಂಟು ಬರಿ."

ಹೋದಳು. ಮೂರು ಸುತ್ತು. ಕೈ ಚಾಚಿ, ತುಟಿ ಕಚ್ಚಿ.
ಮಂಡಿಯೂರಿ ನೋಡಿದೆ, ನೆಲಕ್ಕೆ ಕೆನ್ನೆ ತಾಗುವಷ್ಟು:
ಧೂಳಿನಲ್ಲಿ ಗಾಲಿಯ ಗೆರೆ
ಚುಕ್ಕಿಯ ಹತ್ತಿರ ಒಂದು ಬೆರಳು ಜರುಗಿತ್ತು.
"ಇಲ್ಲಿ," ಅಂದೆ.
ತಾನೂ ಬಗ್ಗಿ ನೋಡಿದಳು, ಬಹಳ ಹೊತ್ತು.
ಆಮೇಲೆ ಅಂಗೈಯಿಂದ ಒರೆಸಿ
ಮತ್ತೆ ಚುಕ್ಕಿಯ ಮೇಲೆ ಹೋಗಿ ನಿಂತಳು.