ಘಾಟಿಗೆ ಸ್ಟೇಜಿಲ್ಲ

ಹೊಸಂಗಡಿ ಬಿಟ್ಟರೆ ಮಾಸ್ತಿಕಟ್ಟೆ.
ನಡುವೆ ಸ್ಟೇಜಿಲ್ಲ.
ಇಪ್ಪತ್ತೆರಡು ವರ್ಷ ಈ ಬೆಟ್ಟವನ್ನು
ಒಂದೇ ಚೀಟಿಯಲ್ಲಿ ಹರಿದುಕೊಟ್ಟಿದ್ದೇನೆ;
ಚಿಲ್ಲರೆ ಇಲ್ಲದವರ ಚೀಟಿಯ ಬೆನ್ನಿಗೆ
ಬಾಕಿ ಬರೆಯುವಷ್ಟರಲ್ಲಿ
ಬೆಟ್ಟ ಮುಗಿದಿರುತ್ತಿತ್ತು.

ಈಗ ಮೊದಲ ತಿರುವಿಗೇ
ಕಾಲು ಬಾಕಿ ಕೇಳುತ್ತಿದೆ.

ಸೈಕಲ್ಲು ದುರ್ಗಿಗುಡಿಯ ಅಂಗಡಿಯದು, ಸೆಕೆಂಡ್ ಹ್ಯಾಂಡ್,
ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಒಳಕ್ಕೆ ಸುತ್ತಿದೆ.
'ಸಕ್ಕರೆ ಇಳಿಸಬೇಕು ಗುತ್ಯಪ್ಪ' ಎಂದಿದ್ದರು ಡಾಕ್ಟರು.
ಇಳಿಸಲು ಹತ್ತಬೇಕೆಂದು ಹೇಳಿರಲಿಲ್ಲ.

ಅಂಗಡಿಯ ಮೆಲ್ವಿನ್ ಫೋನಿನಲ್ಲಿ ತೋರಿಸಿದ:
ಸ್ಪೇನೋ ಇಟಲಿಯೋ, ಯಾವುದೋ ಬೋಳುಗುಡ್ಡ,
ಒಂದು ಮರವಿಲ್ಲ, ಒಂದು ಮಂಗವಿಲ್ಲ,
ಬಿಚ್ಚಿ ಬಿಸಾಕಿದ ಪೇಟದ ಹಾಗೆ ರಸ್ತೆ.
ಅದರ ಮೇಲೆ ಸುಣ್ಣದಲ್ಲಿ ಬರೆದ ಹೆಸರುಗಳು,
ಹತ್ತುವವರ ಹೆಸರು.
ಒಬ್ಬ ಮುದುಕ ದನದ ಗಂಟೆ ಅಲ್ಲಾಡಿಸುತ್ತ
ಅವರ ಪಕ್ಕ ಓಡುತ್ತಿದ್ದ.
'ನಮ್ಮಲ್ಲೂ ಘಾಟಿ ಇದೆಯಲ್ಲ ಅಂಕಲ್' ಎಂದ ಮೆಲ್ವಿನ್.
ಇದೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು
ಎಂದುಕೊಂಡು ದುಡ್ಡು ಎಣಿಸಿದೆ.

ಗೊತ್ತಿರಲಿಲ್ಲ.

ನಿನ್ನೆ ಬಸ್ಸಿನ ನೆತ್ತಿಗೆ ಸೈಕಲ್ ಕಟ್ಟಿ ಇಳಿದು,
ಅಕ್ಕನ ಮನೆಯಲ್ಲಿ ಮಲಗಿ, ಆರಕ್ಕೆ ಹೊರಟವನು
ಏಳಕ್ಕೆ ಇಲ್ಲಿದ್ದೇನೆ:
ಮೂರನೇ ತಿರುವಿನಾಚೆ ರಸ್ತೆ
ಕಣ್ಣಿಗೆ ಇಳಿಜಾರು, ಮೊಣಕಾಲಿಗೆ ಏರು.
ಬಂಡೆಯ ಸಂದಿಯಲ್ಲಿ ನೀರು ಮಾತಾಡುತ್ತದೆ,
ಇಂಜಿನ್ನಿನ ಸದ್ದಿನಲ್ಲಿ ಇಷ್ಟು ವರ್ಷ ಕೇಳದ್ದು.
ಸಿಂಗಳೀಕವೊಂದು ನನ್ನ ಉಸಿರಿಗೆ ಬೆದರಿ
ಮರಿಯನ್ನು ಇನ್ನಷ್ಟು ಅವುಚಿಕೊಂಡಿತು.
ಸಣ್ಣ ಗೇರು. ಅದಕ್ಕಿಂತ ಸಣ್ಣದಿಲ್ಲ.
ಆದರೂ ಬೆರಳು ಹುಡುಕುತ್ತಲೇ ಇದೆ.

ಅಗೋ, ಆ ತಿರುವು.
ಅಲ್ಲಿ ನಾನಿನ್ನೂ ಕಂಡಕ್ಟರಲ್ಲ, ಕ್ಲೀನರು.
ಹದಿನೇಳು ವರ್ಷ, ಮೀಸೆ ಪೆನ್ಸಿಲ್ ಗೀಟು.
ಬುಡನ್ ಸಾಹೇಬರು ಸೀಟಿನಿಂದ ಅರ್ಧ ಎದ್ದು
ಸ್ಟೇರಿಂಗಿಗೆ ಮೈ ಕೊಟ್ಟು
ಒಂದನೇ ಗೇರಿಗೆ ಎಳೆಯುವಾಗ
ಬಸ್ಸು ಒಂದು ಗೇಣು ಹಿಂದಕ್ಕೆ ಜಾರುತ್ತಿತ್ತು.
ಆ ಗೇಣಿನೊಳಗೆ
ನಾನು ಹಾರಿ, ಮರದ ದಿಮ್ಮಿ ಹಿಡಿದು
ಹಿಂದಿನ ಚಕ್ರಕ್ಕೆ ಕೊಡಬೇಕು.
ಐವತ್ತೆಂಟು ಜನ, ಎರಡು ಕೋಳಿಬುಟ್ಟಿ,
ಟಾಪಿನ ಮೇಲೆ ಗಂಗೊಳ್ಳಿಯ ಒಣಮೀನಿನ ಮೂಟೆ,
ಎಲ್ಲ ಆ ದಿಮ್ಮಿಯ ಮೇಲೆ ಒಂದು ಕ್ಷಣ ಕೂತು
ಮುಂದೆ ಹೋಗುತ್ತಿದ್ದವು.
ಶಾಬಾಸ್ ಎನ್ನುತ್ತಿರಲಿಲ್ಲ ಸಾಹೇಬರು.
ಹಾರನ್ನು ಒಮ್ಮೆ ಒತ್ತುತ್ತಿದ್ದರು. ಮೆಲ್ಲಗೆ.

ಇವತ್ತು ಅಲ್ಲೇ
ಪೆಡಲಿನ ಮೇಲೆ ಎದ್ದುನಿಂತೆ,
ಅವರ ಹಾಗೆಯೇ, ಹಲ್ಲು ಕಚ್ಚಿ.
ಚಕ್ರ ಒಂದು ಗೇಣು ಹೊರಳಿತು. ನಿಂತಿತು.
ಹಿಂದೆ ಯಾರೂ ಓಡಿ ಬರಲಿಲ್ಲ.
ಒಂದು ಕಾಲು ನೆಲಕ್ಕೆ ಕೊಟ್ಟೆ,
ಆ ಕಾಲೇ ದಿಮ್ಮಿ.

ಅಷ್ಟರಲ್ಲಿ ಕೆಳಗಿನಿಂದ ಬಸ್ಸು.
ಈಗಿನದು: ಪವರ್ ಸ್ಟೇರಿಂಗು, ಒಳಗೆ ಹಾಡು.
ಕಂಡಕ್ಟರ್ ಹುಡುಗ ಬಾಗಿಲಿಗೆ ಜೋತು
'ಎಂತ ಗುತ್ಯಣ್ಣ ಇದು! ಹತ್ತಿ, ಸೈಕಲ್ ಮೇಲೆ ಹಾಕ್ತೀನಿ,
ಚಾರ್ಜು ಬೇಡ' ಎಂದ.
'ರೈಟ್, ರೈಟ್!' ಎಂದೆ.
ಮುಖ ಕಾಣದಿದ್ದರೂ ಆ ದನಿಗೆ
ಡ್ರೈವರು ಗೇರು ಹಾಕಿಯೇಬಿಟ್ಟ.
ಹುಡುಗ ಇನ್ನೂ ಕೈಚಾಚಿಕೊಂಡೇ
ತಿರುವಿನಲ್ಲಿ ಮರೆಯಾದ.

ಮುಂದಿನ ಏರಿನಲ್ಲಿ ಸುಣ್ಣದ ಬರಹ ಕಂಡು
ಎದೆ ಒಮ್ಮೆ ಹಾರಿತು.
ಪಿಡಬ್ಲ್ಯುಡಿಯವರು. ಹೊಂಡಗಳಿಗೆ ಸುತ್ತು ಎಳೆದು
ನಂಬರು ಹಾಕಿದ್ದಾರೆ: ಹನ್ನೊಂದು, ಹನ್ನೆರಡು, ಹದಿಮೂರು.
ಹದಿಮೂರನ್ನು ಬಳಸಿ ಹೋದೆ.
ಹದಿನಾಲ್ಕರಲ್ಲಿ ನೀರಿತ್ತು, ನೀರಲ್ಲಿ ಮರ.
ಅದನ್ನೂ.

ಇನ್ನೆಷ್ಟು ದೂರ ಎಂದು ಯಾರು ಕೇಳಿದರೂ,
ವಾಂತಿ ಬಂದ ಮಕ್ಕಳ ತಾಯಂದಿರು ಕೇಳಿದರೂ,
'ಬಂತು, ಇದೇ ಬಂತು' ಎನ್ನುತ್ತಿದ್ದೆ ನೋಟು ಮಡಚುತ್ತ.
ಎಷ್ಟು ಸುಳ್ಳು ಹೇಳಿದ್ದೇನೆ ಮಾರಾಯ,

ಬಂತು,
ಇದೇ ಬಂತು.